ಮೂರು ಗಂಟೆಯ ಗುಹೆಗೆ ಎಂಟು ತಿಂಗಳು

ಕಳೆದ ಭಾನುವಾರ ರಾತ್ರಿ ಬಕೆಟ್‌ನಲ್ಲಿ ಬಟ್ಟೆ ನೆನೆಹಾಕಿದ್ದೆ. ನೀರು ಮೂರು ಸಲ ಬದಲಿಸಿದರೂ ಕೆಂಪು ಬಿಡಲಿಲ್ಲ. ಮೊಣಕೈ ತರಚಿದೆ, ಎಡಗಡೆ ಪಕ್ಕೆ ನೀಲಿಗಟ್ಟಿದೆ, ಪರ್ಸ್‌ನಲ್ಲಿ ಕೊಡಗಿನ ಒಂದು ಕೇವಿಂಗ್ ಕ್ಲಬ್ಬಿನ, ಅಂದರೆ ಗುಹೆಗೆ ಇಳಿಯುವವರ ಕ್ಲಬ್ಬಿನ, ಸದಸ್ಯತ್ವದ ಕಾರ್ಡು ಇದೆ. ಕಾರ್ಡು ಅಂದರೆ ದೊಡ್ಡದೇನಲ್ಲ. ದಪ್ಪ ಹಾಳೆಗೆ ಲ್ಯಾಮಿನೇಶನ್ ಮಾಡಿಸಿದ್ದು, ನನ್ನ ಹೆಸರಿನಲ್ಲಿ ಒಂದಕ್ಷರ ತಪ್ಪೂ ಇದೆ. ಅದು ಕೈಗೆ ಬರಲು ಮಾರ್ಚ್ ಕೊನೆಯಿಂದ ನವೆಂಬರ್ ಕೊನೆಯವರೆಗೆ ಎಂಟು ತಿಂಗಳು ಹಿಡಿಯಿತು. ಗುಹೆಯೊಳಗೆ ಇದ್ದದ್ದು ಮೂರು ಗಂಟೆಗಿಂತ ಕಡಿಮೆ.

ಆಫೀಸಿನಲ್ಲಿ ಇಬ್ಬರು, ಪಕ್ಕದ ಬೀದಿಯ ಹುಡುಗ ಒಬ್ಬ, "ನಾವೂ ಸೇರಬಹುದಾ" ಅಂತ ಕೇಳಿದ್ದಾರೆ. ಪ್ರತಿ ಸಲ ಮೊದಲಿಂದ ಹೇಳಲು ಆಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಕ್ಲಬ್ಬಿನ ಹೆಸರು ಹಾಕುವುದಿಲ್ಲ, ಅವರೇ ಬೇಡ ಅಂದಿದ್ದಾರೆ. ಗುಹೆ ಯಾವ ಊರಲ್ಲಿದೆ ಅಂತಲೂ ಹೇಳುವುದಿಲ್ಲ. ಗುಹೆಗೆ ಇಳಿಯುವವರ ರೂಢಿ ಅದು. ಒಂದು ವಿಡಿಯೊ ಓಡಾಡಿದರೆ ಸಾಕು, ಮುಂದಿನ ವಾರ ಅಲ್ಲಿ ಬಾಟಲಿ, ಅದರ ಮುಂದಿನ ವಾರ ಬಂಡೆ ಮೇಲೆ ಬಣ್ಣದಲ್ಲಿ ಎರಡು ಹೆಸರು, ನಡುವೆ ಒಂದು ಬಾಣ.

ಮೊದಲ ಪ್ರಶ್ನೆ ಎಲ್ಲರದ್ದೂ ಒಂದೇ: "ಕೊಡಗಲ್ಲಿ ಎಂತ ಗುಹೆ?" ಸರಿಯಾದ ಪ್ರಶ್ನೆಯೇ. ಗುಹೆ ಅಂದರೆ ನಮ್ಮ ತಲೆಗೆ ಬರುವುದು ಆಂಧ್ರದ ಬೇಲಂ, ಬೊರ್ರಾ. ಬೇಲಂ 3,229 ಮೀಟರ್ ಉದ್ದ ಇದೆ. ಅವೆಲ್ಲ ಸುಣ್ಣಕಲ್ಲಿನವು. ಸುಣ್ಣಕಲ್ಲನ್ನು ಮಳೆನೀರು ಸಾವಿರಾರು ವರ್ಷ ಕರಗಿಸಿ ಕರಗಿಸಿ ದಾರಿ ಮಾಡುತ್ತದೆ. ನಮ್ಮ ಕೊಡಗಿನ ಕಲ್ಲು ಸುಮಾರು 300 ಕೋಟಿ ವರ್ಷ ಹಳೆಯದು, ನೈಸ್ ಮತ್ತು ಚಾರ್ನೊಕೈಟ್ ಅನ್ನುವ ಗಟ್ಟಿ ಜಾತಿಯದು. ಇಲ್ಲಿ ಸುರಿಯುವಷ್ಟು ಮಳೆ ಸುರಿದರೂ ಅದು ಹಾಗೆ ಕರಗುವುದಿಲ್ಲ. ನಮ್ಮಲ್ಲಿ ಇರುವುದು ಬಂಡೆ ಗುಹೆ. ಬೆಟ್ಟದಿಂದ ಬಂದ ಮನೆಯಷ್ಟು ದೊಡ್ಡ ಬಂಡೆಗಳು ಒಂದರ ಮೇಲೊಂದು ಕೂತಾಗ ನಡುವೆ ಉಳಿಯುವ ಸಂದಿ. ಬ್ರಹ್ಮಗಿರಿಯ ಆಚೆ, ಕೇರಳದ ತಿರುನೆಲ್ಲಿ ಕಡೆ ಇರುವ ಪಕ್ಷಿಪಾತಾಳ ಅಂಥದ್ದೇ. ಹೊರಗಿಂದ ನೋಡಿದರೆ ಕಲ್ಲಿನ ರಾಶಿ. ಒಳಗೆ ಒಂದು ಮಹಡಿ, ಅದರ ಕೆಳಗೆ ಇನ್ನೊಂದು.

ನಾನು ಕೂಡ್ಲೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಲೆಕ್ಕ ಬರೆಯುತ್ತೇನೆ. ವಯಸ್ಸು 36. ನಾನು, ಅಮ್ಮ, ಒಂದು ನಾಯಿ, ಕುಶಾಲನಗರದಲ್ಲಿ ಬಾಡಿಗೆ ಮನೆ. ಮಾರ್ಚ್‌ನಲ್ಲಿ ಒಬ್ಬ ನಿವೃತ್ತ ಸುಬೇದಾರರು ತಮ್ಮ ಕಾಫಿ ಹಾಕಲು ಬಂದಿದ್ದರು. ಚೀಟಿ ಬರೆಯುವಾಗ ನೋಡಿದೆ, ಜೀಪಿನ ಸೀಟಿನ ಮೇಲೆ ಕೆಸರು ಮೆತ್ತಿದ ಹೆಲ್ಮೆಟ್, ಅದಕ್ಕೆ ಲೈಟು. "ಗಣಿಯಾ ಸಾರ್?" ಅಂದೆ. "ಗಣಿ ಅಲ್ಲ, ಸುಮ್ನೆ ಹೋಗಿ ಬರುವುದು" ಅಂದರು. ಸುಮ್ನೆ ಹೋಗಿ ಬರುವುದು ಅನ್ನುವ ಮಾತೇ ನನಗೆ ಹಿಡಿಸಿತು. ನಂಬರ್ ಕೇಳಿದೆ.

ಮೆಸೇಜ್ ಹಾಕಿದ್ದು ಮಾರ್ಚ್ 28ಕ್ಕೆ. ಉತ್ತರ ಬಂದದ್ದು 22 ದಿನ ಆದ ಮೇಲೆ. "ತಿಂಗಳ ಕೊನೆ ಭಾನುವಾರ ಬೆಳಿಗ್ಗೆ 7ಕ್ಕೆ ಬನ್ನಿ. ಹಳೇ ಬಟ್ಟೆ. ತಿಂಡಿ ಜಾಸ್ತಿ ತಿನ್ನಬೇಡಿ." ಅಷ್ಟೇ. ನಿಮಗೂ ಉತ್ತರ ಬರದಿದ್ದರೆ ಬೇಜಾರು ಮಾಡಬೇಡಿ, ಎರಡನೇ ಮೆಸೇಜೂ ಹಾಕಬೇಡಿ. ಎಷ್ಟು ದಿನ ಕಾಯುತ್ತೀರಿ ಅಂತ ನೋಡುತ್ತಾರೆ ಅಂತ ನಾನು ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಅವರು ಮೊಬೈಲ್ ನೋಡುವುದೇ ಕಡಿಮೆ.

ಜಾಗ ಒಂದು ತೋಟದ ಕಾಫಿ ಕಣ. ಹನ್ನೊಂದು ಜನ ಇದ್ದರು. ಇಬ್ಬರು ಕಾಲೇಜು ಹುಡುಗರು, ಒಬ್ಬ ದಂತ ವೈದ್ಯೆ, ಉಳಿದವರು ತೋಟದವರು. ಕಣದ ನಡುವೆ ಸಿಲ್ವರ್ ಓಕ್ ಮರದ ಹಲಗೆಯ ಒಂದು ಪೆಟ್ಟಿಗೆ. ಆರಡಿ ಉದ್ದ, ಎರಡೂ ಕಡೆ ಬಾಯಿ ತೆರೆದಿದೆ. ಮೇಲಿನ ಹಲಗೆಯನ್ನು ಬೋಲ್ಟ್ ತಿರುಗಿಸಿ ಏರಿಸಬಹುದು, ಇಳಿಸಬಹುದು. ಒಂದು ಬಾಯಿಂದ ಹೊಕ್ಕು ಇನ್ನೊಂದು ಬಾಯಿಂದ ಹೊರಗೆ ಬರಬೇಕು. ಮೊದಲು 35 ಸೆಂಟಿಮೀಟರ್, ಸಲೀಸು. ಆಮೇಲೆ 30. ಆಮೇಲೆ 26.

26ರಲ್ಲಿ ಸಿಕ್ಕಿಕೊಂಡೆ. ಹೆಲ್ಮೆಟ್ ಇದ್ದರೆ ತಲೆ ನೇರ ಇಡಲು ಆಗುವುದಿಲ್ಲ, ಕೆನ್ನೆಯನ್ನು ಹಲಗೆಗೆ ಒತ್ತಿ ಪಕ್ಕಕ್ಕೆ ತಿರುಗಿಸಬೇಕು. ಮೂಗಿನ ಹತ್ತಿರವೇ ಒಂದು ಮೊಳೆ, ತಲೆ ಬಡಿದು ಚಪ್ಪಟೆ ಮಾಡಿದ್ದು. ಬೆನ್ನ ಮೇಲೆ ಹಲಗೆ, ಎದೆ ಕೆಳಗೆ ಹಲಗೆ. ಭಯಕ್ಕೆ ಉಸಿರು ಎಳೆದುಕೊಂಡೆ, ಇನ್ನೂ ಬಿಗಿಯಾಯಿತು. ಹೊರಗೆ ಬಿಸಿಲಿದೆ, ಯಾರೋ ಕಾಫಿ ಲೋಟ ಇಟ್ಟ ಸದ್ದು ಕೇಳುತ್ತಿದೆ, ಹಲಗೆಯನ್ನು ಅರ್ಧ ನಿಮಿಷದಲ್ಲಿ ಬಿಚ್ಚುತ್ತಾರೆ ಅಂತ ಗೊತ್ತಿದೆ. ಆದರೂ ಕೈ ನಡುಗುತ್ತಿತ್ತು. "ಉಸಿರು ಬಿಡಿ. ಎಳೆಯಬೇಡಿ, ಬಿಡಿ" ಅಂತ ದಂತ ವೈದ್ಯೆ ಪೆಟ್ಟಿಗೆಯ ಬಾಯಿಗೆ ಬಂದು ಕೂತು ಹೇಳಿದರು. ಬಿಟ್ಟೆ. ಎದೆ ಒಂದು ಬೆರಳಿನಷ್ಟು ತಗ್ಗಿತು. ಅಷ್ಟರಲ್ಲಿ ಎರಡಿಂಚು ಮುಂದೆ ಹೋದೆ. ಹಾಗೇ ಎರಡೆರಡು ಇಂಚು. 23ಕ್ಕೆ ಇಳಿಸಿದಾಗ ಬೇಡ ಅಂದೆ. ಸುಬೇದಾರರು ಪುಸ್ತಕದಲ್ಲಿ "26" ಅಂತ ಬರೆದು ಪುಟ ತಿರುಗಿಸಿದರು. ಯಾರೂ ಏನೂ ಹೇಳಲಿಲ್ಲ. ಸಪ್ಪೆ ಅನ್ನಿಸಿತು ನನಗೆ. ಒಂದು ಚಪ್ಪಾಳೆಯಾದರೂ ತಟ್ಟಬಾರದಿತ್ತಾ?

ಅದಾದ ಮೇಲೆ ಕಾಗದದ ಕೆಲಸ. ಆಧಾರ್ ಪ್ರತಿ, ಎರಡು ಫೋಟೊ, ರಕ್ತದ ಗುಂಪು, ವೈದ್ಯರ ಪ್ರಮಾಣಪತ್ರ, ಅಪಘಾತ ವಿಮೆ, ಲಸಿಕೆಯ ಚೀಟಿ, ಕೊನೆಗೆ "ಹೊರಗಿನವರ ಫಾರಂ" ಅಂತ ಒಂದು. ಮೊದಲಿನವೆಲ್ಲ ಆರು ವಾರದಲ್ಲಿ ಮುಗಿದವು. ಕೊನೆಯದಕ್ಕೆ ಒಂದು ಮಳೆಗಾಲ ಹೋಯಿತು.

ವೈದ್ಯರ ವಿಷಯ ಹೇಳಿಬಿಡುತ್ತೇನೆ, ಇಲ್ಲಿ ಎಲ್ಲರೂ ಎಡವುತ್ತಾರೆ. ನಾನು ಹೋದ ಕ್ಲಿನಿಕ್‌ನಲ್ಲಿ ಕೇವಿಂಗ್ ಅಂದರೆ ಏನು ಅಂತ ವಿವರಿಸಲು ಹತ್ತು ನಿಮಿಷ ಬೇಕಾಯಿತು. "ಗುಹೆಯಲ್ಲಿ ಎಂತ ಸಿಗುತ್ತದೆ ನಿಮಗೆ?" ಅಂತ ಕೇಳಿ, ಬಿಪಿ ನೋಡಿ, "ಜಿಮ್‌ಗೆ ಯೋಗ್ಯ" ಅಂತ ಬರೆದುಕೊಟ್ಟರು. ಕ್ಲಬ್ಬಿನವರು ವಾಪಸ್ ಕಳಿಸಿದರು. ಮತ್ತೆ ಹೋದೆ, ಮತ್ತೆ 350 ರೂಪಾಯಿ. ಈ ಸಲ ನಾನೇ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿದ್ದೆ: ಉಬ್ಬಸ ಇದೆಯಾ, ಮೂರ್ಛೆ ರೋಗ ಇದೆಯಾ, ಹೃದಯ, ಸಕ್ಕರೆ, ಭುಜ ಜಾರಿದ್ದುಂಟಾ, ಇಕ್ಕಟ್ಟಿನ ಭಯ ಇದೆಯಾ. ನೀವೂ ಹಾಗೇ ಮಾಡಿ. ಇಕ್ಕಟ್ಟಿನ ಭಯದ ಮುಂದೆ "ಸ್ವಲ್ಪ" ಅಂತ ಹಾಕಿಸಿದೆ. ಅದಕ್ಕೆ ಬೇಡ ಅನ್ನುತ್ತಾರೇನೋ ಅಂದುಕೊಂಡಿದ್ದೆ, ಅನ್ನಲಿಲ್ಲ.

ವಿಮೆ ಇದೆ ಅಂತ ಸುಮ್ಮನಿರಬೇಡಿ. ಒಳಗಿನ ಸಣ್ಣ ಅಕ್ಷರ ಓದಿ. ಎಷ್ಟೋ ಅಪಘಾತ ವಿಮೆಗಳಲ್ಲಿ ಸಾಹಸ ಕ್ರೀಡೆ ಹೊರಗೆ. ನನ್ನದರಲ್ಲೂ ಹೊರಗೇ ಇತ್ತು. ಬೇರೆ ಮಾಡಿಸಲು 1,180 ರೂಪಾಯಿ ಹೋಯಿತು.

ಲಸಿಕೆ ಎರಡು, ಟೆಟನಸ್ ಮತ್ತು ರೇಬೀಸ್. ರೇಬೀಸ್ ಮುಂಜಾಗ್ರತೆಗೆ ಮೂರು ಡೋಸು, 0, 7 ಮತ್ತು 21ನೇ ದಿನ. ಬಾವಲಿಗೆ ಹೆದರಿಯಾ ಅಂತ ಕೇಳಿದ್ದಕ್ಕೆ ಸುಬೇದಾರರು, "ಬಾವಲಿ ಇರಲಿ, ಗುಹೆಗೆ ಹೋಗುವ ದಾರಿಯಲ್ಲಿ ನಾಲ್ಕು ಲೈನ್‌ಮನೆ, ಒಂಬತ್ತು ನಾಯಿ" ಅಂದರು. ಅದೂ ನಿಜ. ನಮ್ಮ ದೇಶದಲ್ಲಿ ರೇಬೀಸ್ ಬರುವುದು ಹೆಚ್ಚಾಗಿ ನಾಯಿಯಿಂದಲೇ.

ಈಗ ಆ ಫಾರಂ. ಕಾನೂನಿಗೆ ಅದು ಬೇಕಿಲ್ಲ, ಕ್ಲಬ್ಬಿನ ಸ್ವಂತ ನಿಯಮ. ಗುಹೆಗೆ ಹೋಗುವ ಪ್ರತಿಯೊಬ್ಬರಿಗೂ ಹೊರಗೆ ಒಬ್ಬರು ಇರಬೇಕು. ಎಲ್ಲಿಗೆ ಹೋಗಿದ್ದಾರೆ, ಎಷ್ಟು ಜನ, ಎಷ್ಟು ಗಂಟೆಗೆ ಹೊರಗೆ ಬರುತ್ತಾರೆ, ಎಷ್ಟು ಗಂಟೆಯಾದರೂ ಫೋನ್ ಬರದಿದ್ದರೆ ಯಾರಿಗೆ ತಿಳಿಸಬೇಕು, ಇಷ್ಟೂ ಅವರ ಹತ್ತಿರ ಬರೆದಿರಬೇಕು. ಆ ಗಂಟೆ ದಾಟಿದರೆ ಕಾಯಬಾರದು, ಅಳುತ್ತಾ ಕೂರಬಾರದು, ಫೋನ್ ಮಾಡಬೇಕು. ಗುಹೆಯೊಳಗೆ ಮೊಬೈಲ್ ಸಿಗ್ನಲ್ ಬರುವುದಿಲ್ಲ ಅಲ್ವಾ? ಒಳಗಿರುವವರ ಜೀವ ಹೊರಗಿರುವವರ ಗಡಿಯಾರದಲ್ಲಿ ಇರುತ್ತದೆ. ಅದಕ್ಕೇ ಅವರು ಓದಿ, ಒಪ್ಪಿ, ಸಹಿ ಹಾಕಬೇಕು. ನನಗೆ ಇರುವುದು ಅಮ್ಮ ಒಬ್ಬರೇ.

ಅಮ್ಮ ಫಾರಂ ಓದಿ ಫ್ರಿಜ್ ಮೇಲೆ ಇಟ್ಟರು. ಒಂದು ವಾರ ಅಲ್ಲೇ ಇತ್ತು.

ಆಮೇಲೆ ಒಂದೊಂದೇ ಕಾರಣ ಹೊರಗೆ ಬಂತು. ಮೊದಲನೆಯದು ಥಾಯ್ಲೆಂಡ್. 2018ರ ಜೂನ್ 23ಕ್ಕೆ ಹನ್ನೆರಡು ಹುಡುಗರು, ಅವರ ಕೋಚ್ ಒಬ್ಬ, ಥಾಮ್ ಲುಆಂಗ್ ಗುಹೆಯೊಳಗೆ ಹೋಗಿ ಮಳೆನೀರಿಗೆ ಸಿಕ್ಕಿಕೊಂಡದ್ದು, ಜುಲೈ 10ರವರೆಗೆ ಹೊರಗೆ ತೆಗೆದದ್ದು. ಅಮ್ಮ ಅದನ್ನು ದಿನಾ ಟಿವಿಯಲ್ಲಿ ನೋಡಿದವರು. ನಾನು ಹೇಳಿದೆ, ಅದಕ್ಕೇ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇವರು ಗುಹೆ ಹತ್ತಿರವೂ ಸುಳಿಯುವುದಿಲ್ಲ, ಮಳೆ ಬಂದರೆ ಆಮೇಲೆ ಮೂರು ದಿನ ಒಣಗಬೇಕು. ಎರಡನೆಯದು ನಿಫಾ. ಅದೂ 2018, ಮೇ ತಿಂಗಳು, ಕೋಯಿಕ್ಕೋಡ್. ನಮ್ಮಿಂದ ದೂರವೇನಲ್ಲ. ನಿಫಾ ಹರಡುವ ದೊಡ್ಡ ಹಣ್ಣಿನ ಬಾವಲಿ ಮರದಲ್ಲಿ ನೇತಾಡುವುದು, ಗುಹೆಯಲ್ಲಿ ಅಲ್ಲ ಅಂದೆ. ಅಂದು ಗೆದ್ದೆ ಅಂದುಕೊಂಡೆ. ಮುಂದಿನ ತಿಂಗಳ ಕ್ಲಬ್ ಸಭೆಯಲ್ಲಿ ದಂತ ವೈದ್ಯೆ ತಿದ್ದಿದರು. ಮಹಾಬಲೇಶ್ವರದ ಗುಹೆಯ ಬಾವಲಿಗಳಲ್ಲೂ ನಿಫಾ ವೈರಸ್‌ನ ಗುರುತು ಸಿಕ್ಕಿದೆ ಅಂತ ಪುಣೆಯ ವೈರಾಣು ಸಂಸ್ಥೆಯವರು 2021ರಲ್ಲೇ ಹೇಳಿದ್ದಾರಂತೆ. ಹಾಗಾಗಿ ನಿಯಮ: ಬಾವಲಿ ಮುಟ್ಟಬಾರದು, ಅವು ಕೂತಿರುವ ಕಡೆ ಹೋಗಬಾರದು, ಹಿಕ್ಕೆ ಇರುವ ಕಡೆ ಎನ್-95 ಮಾಸ್ಕ್. ಒಣ ಹಿಕ್ಕೆಯ ಧೂಳಿನಲ್ಲಿ ಶ್ವಾಸಕೋಶಕ್ಕೆ ಹಿಡಿಯುವ ಬೂಷ್ಟೂ ಇರಬಹುದು. ಇದನ್ನು ಅಮ್ಮನಿಗೆ ಹಾಗೇ ಹೇಳಿದೆ. ತಪ್ಪು ಹೇಳಿದ್ದೆ ಅಂತ ಒಪ್ಪಿಕೊಂಡೆ. ವಿಚಿತ್ರ ಅಂದರೆ ಅವತ್ತಿನಿಂದ ಅಮ್ಮ ಸ್ವಲ್ಪ ಮೆತ್ತಗಾದರು.

ಅದೇ ಸಭೆಯಲ್ಲಿ ಇನ್ನೊಂದು ವಿಷಯ ಕೇಳಿದೆ. ಕೋಲಾರದ ಹನುಮನಹಳ್ಳಿಯಲ್ಲಿ ಒಂದು ಸಣ್ಣ ಗುಹೆ ಇದೆ. ಕೋಲಾರದ ಎಲೆಮೂಗಿನ ಬಾವಲಿ ಅನ್ನುವ ಜಾತಿ ಉಳಿದಿರುವುದು ಅಲ್ಲಿ ಮಾತ್ರ ಅಂತ ಗೊತ್ತಾಗಿದೆ. ಇಡೀ ಜಾತಿಗೆ ಒಂದು ಗುಹೆ. ನಾವು ಬಾವಲಿಗೆ ಹೆದರುತ್ತೇವೆ. ಅವು ನಮಗೆ ಎಷ್ಟು ಹೆದರಬೇಕು ನೋಡಿ.

ಮೂರನೆಯ ಕಾರಣವನ್ನು ಅಮ್ಮ ಬಾಯಿಬಿಟ್ಟು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ನಮ್ಮದು ಮೊದಲು ಮಕ್ಕಂದೂರು ಕಡೆ. 2018ರ ಆಗಸ್ಟ್ ಮಧ್ಯದಲ್ಲಿ ಮನೆ ಹಿಂದಿನ ಬರೆ, ಅಂದರೆ ಗುಡ್ಡದ ಕಡಿದಾದ ಮಣ್ಣು, ಜಾರಿತು. ಹಸುವಿನ ಹಗ್ಗ ಬಿಚ್ಚಿ ಅಮ್ಮ, ನಾನು ಕತ್ತಲಲ್ಲಿ ರಸ್ತೆಗೆ ಓಡಿದ್ದೆವು. ಬೆಳಿಗ್ಗೆ ನೋಡಿದರೆ ಅಡುಗೆಮನೆ ಇದ್ದ ಕಡೆ ಕೆಂಪು ಮಣ್ಣು, ಅದರ ಮೇಲೆ ಬೇರು ಸಮೇತ ಒಂದು ಕಿತ್ತಳೆ ಗಿಡ ನೆಟ್ಟಗೆ ನಿಂತಿತ್ತು. ಯಾರೋ ನೆಟ್ಟ ಹಾಗೆ. ನಮ್ಮ ಊರಿನವರ ಮುಂದೆ ಮಣ್ಣಿನ ಕೆಳಗೆ ಹೋಗುತ್ತೇನೆ ಅನ್ನುವುದು ತಮಾಷೆಯ ಮಾತಲ್ಲ. ಏಪ್ರಿಲ್‌ನಲ್ಲಿ ಆ ಪೆಟ್ಟಿಗೆಯೊಳಗೆ ನನ್ನ ಕೈ ಯಾಕೆ ನಡುಗಿತು ಅಂತ ನನಗೂ ಗೊತ್ತಿತ್ತು.

ಮಳೆ ಶುರುವಾಯಿತು. ಕರೆಂಟು ಹೋದರೆ ಎರಡು ದಿನ. ಆ ನಾಲ್ಕು ತಿಂಗಳು ಕ್ಲಬ್ಬಿನ ಕೆಲಸ ಅಂದರೆ ಗಂಟು ಮತ್ತು ಹಗ್ಗ. ಎಂಟರ ಗಂಟು, ಚಿಟ್ಟೆ ಗಂಟು, ಬೌಲಿನ್. ಕಣ್ಣು ಮುಚ್ಚಿ ಕಟ್ಟಬೇಕು, ಒದ್ದೆ ಕೈಯಲ್ಲಿ ಕಟ್ಟಬೇಕು. ಮನೆಯಲ್ಲಿ ಬಟ್ಟೆ ಒಣಗಿಸುವ ಹಗ್ಗದಲ್ಲಿ ಅಭ್ಯಾಸ ಮಾಡಿದೆ. ಅಮ್ಮ ಟಾರ್ಚ್ ಹಿಡಿದು ನೋಡುತ್ತಿದ್ದರು. ಒಂದು ದಿನ "ಇದು ಉಲ್ಟಾ ಆಯಿತು" ಅಂತ ಅವರೇ ತಿದ್ದಿದರು.

ಹಗ್ಗ ಹತ್ತುವುದನ್ನು ಗೋದಾಮಿನ ತೊಲೆಗೆ ಕಟ್ಟಿ ಕಲಿಸಿದರು. ಗುಹೆಗೆ ಬಳಸುವುದು ಹಿಗ್ಗದ ಹಗ್ಗ, 10 ಮಿಲಿಮೀಟರ್ ದಪ್ಪ. ಬಂಡೆ ಹತ್ತುವವರ ಹಗ್ಗ ಬೀಳುವಾಗ ಹಿಗ್ಗಬೇಕು, ಇದು ಹಿಗ್ಗಬಾರದು. ಎರಡೂ ಅಂಗಡಿಯಲ್ಲಿ ಒಂದೇ ಥರ ಕಾಣುತ್ತವೆ, ಕೇಳದೆ ಕೊಳ್ಳಬೇಡಿ. ನಿಜ ಹೇಳಬೇಕಂದರೆ ಹಗ್ಗವನ್ನೇ ಕೊಳ್ಳಬೇಡಿ, ಕ್ಲಬ್ಬಿನದ್ದು ಇರುತ್ತದೆ. ಹತ್ತುವ ರೀತಿಗೆ ಕಪ್ಪೆ ಪದ್ಧತಿ ಅನ್ನುತ್ತಾರೆ. ಎದೆಯ ಹತ್ತಿರ ಹಗ್ಗ ಕಚ್ಚುವ ಒಂದು ಹಿಡಿಕೆ, ಕೈಯಲ್ಲಿ ಇನ್ನೊಂದು, ಅದಕ್ಕೆ ಕಾಲಿನ ಕುಣಿಕೆ. ಮೊಣಕಾಲು ಮಡಚಬೇಕು, ಕೈಯ ಹಿಡಿಕೆಯನ್ನು ಮೇಲೆ ತಳ್ಳಬೇಕು, ಎದ್ದು ನಿಲ್ಲಬೇಕು, ಕೂರಬೇಕು. ಮತ್ತೆ. ನೋಡಿದರೆ ನಗು ಬರುತ್ತದೆ, ಆರು ಮೀಟರ್ ಹತ್ತಿದರೆ ನಗು ಹೋಗುತ್ತದೆ. ಎರಡನೇ ದಿನ ನಾನು ಏರುವುದರಿಂದ ಇಳಿಯುವುದಕ್ಕೆ ಬದಲಾಗುವಾಗ ಪಟ್ಟಿ ಸಿಕ್ಕಿಕೊಂಡು ಅರ್ಧದಲ್ಲೇ ನೇತಾಡಿದೆ. "ಕಾಲು ಆಡಿಸುತ್ತಾ ಇರಿ" ಅಂತ ಕೂಗಿದರು. ಸೊಂಟಕ್ಕೆ, ತೊಡೆಗೆ ಬಿಗಿದ ಪಟ್ಟಿಯಲ್ಲಿ ಅಲುಗಾಡದೆ ನೇತಾಡಿದರೆ ರಕ್ತ ಕಾಲಲ್ಲೇ ನಿಂತು ಕೆಲವೇ ನಿಮಿಷದಲ್ಲಿ ಪ್ರಜ್ಞೆ ತಪ್ಪಬಹುದಂತೆ. ಹನ್ನೆರಡು ನಿಮಿಷ ಗಾಳಿಯಲ್ಲಿ ಸೈಕಲ್ ತುಳಿದೆ. ಕೆಳಗಿಳಿದ ಮೇಲೆ ಯಾರೋ ಬೆಲ್ಲದ ಕಾಫಿ ಕೊಟ್ಟರು. ಲೋಟ ಹಿಡಿಯಲು ಬೆರಳು ಮಡಚುತ್ತಿರಲಿಲ್ಲ.

ಸಾಮಾನಿನಲ್ಲಿ ನಾನು ಮೋಸ ಹೋದದ್ದು ಲೈಟಿನಲ್ಲಿ. ಸಾವಿರ ಲ್ಯೂಮೆನ್ ಅಂತ ಆನ್‌ಲೈನ್‌ನಲ್ಲಿ ತರಿಸಿದೆ. 50 ನಿಮಿಷಕ್ಕೆ ಸತ್ತುಹೋಯಿತು. ವಾಪಸ್ ತೆಗೆದುಕೊಳ್ಳುವ ಅವಧಿ ಮುಗಿದಿತ್ತು. ಎಷ್ಟು ಬೆಳಕು ಅಂತ ಅಲ್ಲ, ಎಷ್ಟು ಹೊತ್ತು ಅಂತ ನೋಡಿ. ಒಬ್ಬರಿಗೆ ಮೂರು ಲೈಟು ಕಡ್ಡಾಯ, ಎರಡು ಹೆಲ್ಮೆಟ್‌ಗೆ ಕಟ್ಟುವಂಥದ್ದು, ಒಂದು ಜೇಬಿಗೆ. ಬಿಲ್ಡಿಂಗ್ ಕೆಲಸದ ಹೆಲ್ಮೆಟ್ ಆಗುವುದಿಲ್ಲ, ಗಲ್ಲದ ಪಟ್ಟಿ ಇರುವ ಬಂಡೆ ಹತ್ತುವವರ ಹೆಲ್ಮೆಟ್ ಬೇಕು. ಮೇಲುಡುಪಿಗೆ ಮೆಕ್ಯಾನಿಕ್‌ಗಳ ಬಾಯ್ಲರ್ ಸೂಟ್ ಸಾಕು. ಜೀನ್ಸ್ ಬೇಡ, ಒದ್ದೆಯಾದರೆ ಕಲ್ಲು ಹೊತ್ತ ಹಾಗೆ. ಗಂಬೂಟು ಕೊಡಗಿನಲ್ಲಿ ಯಾರ ಮನೆಯಲ್ಲಿ ಇಲ್ಲ? ಒಟ್ಟು ಖರ್ಚು, ಸದಸ್ಯತ್ವದ 1,500, ತರಬೇತಿಯ 1,000, ವೈದ್ಯರು, ವಿಮೆ, ಲಸಿಕೆ, ಹೆಲ್ಮೆಟ್, ಲೈಟು ಎಲ್ಲ ಸೇರಿ 13 ಸಾವಿರ ಚಿಲ್ಲರೆ. ಸತ್ತ ಲೈಟಿನ ಲೆಕ್ಕ ಇದರಲ್ಲಿ ಸೇರಿಸಿಲ್ಲ, ಹೊಟ್ಟೆ ಉರಿಯುತ್ತದೆ.

ಸೆಪ್ಟೆಂಬರ್‌ನ ಕೈಲ್‌ಪೋದ್ ಹಬ್ಬ ಕಳೆದ ಮೇಲೆ ಒಂದು ಸಂಜೆ ಸುಬೇದಾರರು ಮನೆಗೆ ಬಂದರು. ನಾನು ಕರೆದಿರಲಿಲ್ಲ. ಅಮ್ಮನ ಎದುರು ಕೂತು ಗುಹೆಯ ವಿಷಯ ಒಂದು ಮಾತೂ ಆಡಲಿಲ್ಲ. ಫಾರಂ ತೆಗೆದು, ಸಮಯ ದಾಟಿದರೆ ಮೊದಲು ಯಾರಿಗೆ, ಆಮೇಲೆ ಯಾರಿಗೆ, 112ಕ್ಕೆ ಯಾವಾಗ, ಅವರಿಗೆ ಏನು ಹೇಳಬೇಕು ಅಂತ ಒಂದೊಂದೇ ಸಾಲು ಓದಿಸಿದರು. "ಅಂದಾಜಿಗೆ ಅರ್ಧ ಗಂಟೆ ನೋಡುವ ಅಂತ ಕಾಯಬೇಡಿ. ನಮ್ಮಲ್ಲಿ ನಿಮ್ಮ ಕೆಲಸ ದೊಡ್ಡದು" ಅಂದರು. ಅಮ್ಮ ಕನ್ನಡಕ ಹಾಕಿಕೊಂಡು ಎರಡು ಪ್ರಶ್ನೆ ಕೇಳಿದರು. ಸುಬೇದಾರರ ಹೆಂಡತಿಯ ಕೆಲಸವೂ ಇದೇನಾ ಅನ್ನುವುದು ಒಂದು. ಹೌದು, ಹದಿನಾಲ್ಕು ವರ್ಷದಿಂದ ಅಂದರು. ಎರಡನೆಯದು, ಲ್ಯಾಂಡ್‌ಲೈನ್ ನಂಬರ್ ಇದೆಯಾ ಅಂತ. ಮಳೆಯಲ್ಲಿ ಮೊಬೈಲ್ ನಂಬಲು ಆಗುವುದಿಲ್ಲ ಅಂತ ಅಮ್ಮ ಕಲಿತದ್ದು 2018ರಲ್ಲೇ. ಆಮೇಲೆ ಸಹಿ ಹಾಕಿದರು. ಐದು ತಿಂಗಳು ನಾನು ಗುಹೆಗೆ ಭಯ ಇಲ್ಲ ಅಂತ ವಾದ ಮಾಡಿದ್ದೆ. ಅಮ್ಮನಿಗೆ ಬೇಕಾಗಿದ್ದದ್ದು ಭಯ ಆದಾಗ ಮಾಡಲು ಒಂದು ಕೆಲಸ.

ಇಷ್ಟಾದರೂ ಮುಗಿಯಲಿಲ್ಲ, ಜಾಗದ ಒಪ್ಪಿಗೆ ಬೇಕು. ಈಗ ರಾಜ್ಯದ ಚಾರಣದ ದಾರಿಗಳಿಗೆ ಅರಣ್ಯ ಇಲಾಖೆ ಆನ್‌ಲೈನ್‌ನಲ್ಲಿ ಟಿಕೆಟ್ ಕೊಡುತ್ತದೆ, ನಮ್ಮ ಗುಹೆಗೆ ಅಂಥದ್ದೇನಿಲ್ಲ. ಕಾಡಿನ ಜಾಗಕ್ಕೆ ಒಪ್ಪಿಗೆ ಇಲ್ಲದೆ ಕಾಲಿಟ್ಟರೆ ಕೇಸು. ಅದಕ್ಕೆ ಕ್ಲಬ್ಬಿನವರು ಹೊಸಬರನ್ನು ಕರೆದುಕೊಂಡು ಹೋಗುವುದು ಖಾಸಗಿ ಬಾಣೆಯಲ್ಲಿ, ಅಂದರೆ ಗದ್ದೆಗೆ ಸೇರಿದ ಗುಡ್ಡದ ಜಾಗದಲ್ಲಿ, ಇರುವ ಗುಹೆಗೆ. ದೇವರಕಾಡಿನ ಗುಹೆ ಆದರೆ ಒಳಗೆ ಹೋಗುವುದಿಲ್ಲ, ಹೊರಗಿಂದ ಕೈಮುಗಿದು ಬರುತ್ತಾರೆ. ಕೊಡಗಿನಲ್ಲಿ ಸಾವಿರಕ್ಕೂ ಜಾಸ್ತಿ ದೇವರಕಾಡು ಇವೆ, ಹಾಗಾಗಿ ಹೀಗೆ ಬಿಟ್ಟು ಬರುವ ಗುಹೆಗಳೂ ಕಡಿಮೆಯಿಲ್ಲ. ನಮ್ಮ ಬಾಣೆ ಒಂದು ಒಕ್ಕದ್ದು, ಅಂದರೆ ಒಂದು ಕೊಡವ ಮನೆತನದ್ದು. ಊರಲ್ಲಿದ್ದ ಹಿರಿಯರು ಆಯಿತು ಅಂದರು. ಬೆಂಗಳೂರಿನಲ್ಲಿದ್ದ ಅವರ ತಮ್ಮನ ಮಗ ಆಗುವುದಿಲ್ಲ ಅಂದರು, ಯಾರಾದರೂ ಬಿದ್ದರೆ ಯಾರು ಹೊಣೆ ಅಂತ. ಅವರ ಮಾತೂ ತಪ್ಪಲ್ಲ. ಹೊಣೆ ನಮ್ಮದೇ ಅಂತ ಎಲ್ಲರೂ ಸಹಿ ಹಾಕಿದ ಕಾಗದ, ವಿಮೆಯ ಪ್ರತಿ, ಎರಡನ್ನೂ ಕಳಿಸಿದ ಮೇಲೆ ಒಪ್ಪಿದರು. ಅಕ್ಟೋಬರ್ ಮಧ್ಯದ ಕಾವೇರಿ ಸಂಕ್ರಮಣ ಕಳೆದು ಹತ್ತು ದಿನಕ್ಕೆ ಮೊದಲ ದಿನಾಂಕ ಸಿಕ್ಕಿತು. ಹಿಂದಿನ ರಾತ್ರಿ ತೋಟಕ್ಕೆ ಆನೆ ಬಂತು, ರದ್ದು. ಎರಡನೇ ದಿನಾಂಕಕ್ಕೆ ಅಕಾಲ ಮಳೆ, ಮೂರು ದಿನದ ನಿಯಮ, ರದ್ದು. ಡಿಸೆಂಬರ್ ಬಂದರೆ ಕೊಯ್ಲು, ಆಮೇಲೆ ನಮ್ಮ ಕ್ಯೂರಿಂಗ್‌ನಲ್ಲಿ ತಲೆ ಎತ್ತಲು ಆಗುವುದಿಲ್ಲ. ಫೆಬ್ರವರಿ ದಾಟಿದರೆ ಕಾಡಿಗೆ ಬೆಂಕಿಯ ಕಾಲ. ವರ್ಷದಲ್ಲಿ ನಿಜಕ್ಕೂ ಸಿಗುವುದು ಆರೇಳು ಭಾನುವಾರ. ಸೇರುವವರು ಇದನ್ನು ಮೊದಲೇ ತಿಳಿದುಕೊಂಡಿರಿ.

ನವೆಂಬರ್ ಕೊನೆಯ ಭಾನುವಾರ, ಹತ್ತೂಕಾಲಿಗೆ ಒಳಗೆ ಹೋದೆವು. ಐದು ಜನ. ನಾಲ್ಕಕ್ಕಿಂತ ಕಡಿಮೆ ಇದ್ದರೆ ಹೋಗುವುದಿಲ್ಲ. ಒಬ್ಬರಿಗೆ ಪೆಟ್ಟಾದರೆ ಒಬ್ಬರು ಜೊತೆಗೆ ಕೂರಬೇಕು, ಇಬ್ಬರು ಹೊರಗೆ ಓಡಬೇಕು. ಗುಹೆಯ ಬಾಯಿ ಹಂದಿ ಮಲಗುವ ಗುಂಡಿಯ ಹಾಗೆ ಇತ್ತು, ತರಗೆಲೆ ತುಂಬಿಕೊಂಡು. ಗಂಬೂಟಿಗೆ ಬಳಿದ ಸುಣ್ಣ, ಹೊಗೆಸೊಪ್ಪಿನ ನೀರಿನ ನಡುವೆಯೂ ಎರಡು ಜಿಗಣೆ ಹತ್ತಿದ್ದವು. ಬಗ್ಗಿ, ಆಮೇಲೆ ತೆವಳಿ, ಹತ್ತು ಮೀಟರ್ ಹೋದರೆ ಏಳುವಷ್ಟು ಜಾಗ. ಸುಬೇದಾರರ ಥರ್ಮಾಮೀಟರ್ 20 ತೋರಿಸಿತು. ಗುಹೆಯೊಳಗೆ ಚಳಿಗಾಲ, ಬೇಸಿಗೆ ಅಂತ ಜಾಸ್ತಿ ವ್ಯತ್ಯಾಸ ಇರುವುದಿಲ್ಲ. ಹೊರಗಿನ ಇಡೀ ವರ್ಷದ ಸರಾಸರಿ ಎಷ್ಟೋ ಒಳಗೂ ಹೆಚ್ಚು ಕಡಿಮೆ ಅಷ್ಟೇ. ಮೇಲಿನ ಸಂದಿಯಿಂದ ಮರದ ಬೇರು ಜಡೆಯ ಹಾಗೆ ಇಳಿದಿತ್ತು. ಅದರ ಪಕ್ಕ ಬಂಡೆ ಮೇಲೆ ಒಂದು ಚಾಟಿ ಜೇಡ, ನನ್ನ ಅಂಗೈಯಷ್ಟು. ಮುಂಗಾಲು ಎರಡನ್ನೂ ದಾರದ ಹಾಗೆ ಚಾಚಿ ಗಾಳಿಯನ್ನು ಮುಟ್ಟಿ ಮುಟ್ಟಿ ನೋಡುತ್ತಿತ್ತು. ಲೈಟು ಬಿದ್ದದ್ದು ಅದಕ್ಕೆ ಲೆಕ್ಕಕ್ಕೇ ಇಲ್ಲ.

ಐದು ಮೀಟರ್ ಹಗ್ಗದಲ್ಲಿ ಇಳಿದು ಕೆಳಗಿನ ಮಹಡಿಗೆ ಹೋದೆವು. ಅಲ್ಲಿ ಎಲ್ಲರೂ ಲೈಟು ಆರಿಸಬೇಕು, ಐದು ನಿಮಿಷ. ಅಮಾವಾಸ್ಯೆಯ ಕತ್ತಲು ಇದರ ಮುಂದೆ ಏನಲ್ಲ. ಕಣ್ಣಿನ ಮುಂದೆ ಕೈ ತಂದರೆ ಕೈ ಇಲ್ಲ. ಒಂದು ಹನಿ ಬೀಳುತ್ತಿತ್ತು, ಎಲ್ಲಿ ಅಂತ ತಿಳಿಯಲಿಲ್ಲ. ನಾನು ಬಂಡೆಗೆ ಬೆನ್ನು ಕೊಟ್ಟು ಕೂತಿದ್ದೆ. ಅಂಗೈಗೆ ಮಣ್ಣು ತಾಗಿತು. ನುಣುಪಾದ, ತಣ್ಣಗಿನ ಮಣ್ಣು. ವಾಸನೆ ಮಕ್ಕಂದೂರಿನ ಅವತ್ತಿನ ಬೆಳಿಗ್ಗೆಯದ್ದೇ. ಎದ್ದು ಓಡಬೇಕು ಅನ್ನಿಸಿತು, ಎಲ್ಲಿಗೆ ಅಂತ ಗೊತ್ತಿಲ್ಲ. ಬೆನ್ನ ಹಿಂದಿನ ಬಂಡೆ ಮಾತ್ರ ಅಲುಗಾಡಲಿಲ್ಲ. ಉಸಿರು ಬಿಟ್ಟೆ. ಮತ್ತೆ ಬಿಟ್ಟೆ. ಯಾರದ್ದೋ ಲೈಟು ಹತ್ತಿತು.

ಮುಂದೆ ಒಂದು ಇಕ್ಕಟ್ಟು. ಅದರಾಚೆ ದೊಡ್ಡ ಕೋಣೆ ಇದೆಯಂತೆ. ಕಾಲೇಜು ಹುಡುಗರಿಬ್ಬರು ಹಾವಿನ ಹಾಗೆ ನುಗ್ಗಿದರು. ನಾನು ತಲೆ, ಒಂದು ಭುಜ ಹಾಕಿ ನೋಡಿದೆ. ಎದೆ ತಾಗಿತು. "ನನಗೆ ಆಗುವುದಿಲ್ಲ" ಅಂದೆ. "ಆಯಿತು, ಬನ್ನಿ ವಾಪಸ್" ಅಂದರು ಸುಬೇದಾರರು. ಒಂದು ಸಲವೂ "ಪ್ರಯತ್ನ ಮಾಡಿ" ಅನ್ನಲಿಲ್ಲ. ಹೊರಗೆ ಬಂದ ಮೇಲೆ ಕ್ಲಬ್ಬಿನ ಪುಸ್ತಕದಲ್ಲಿ "ಐದು ಜನ ಒಳಗೆ, ಮೂವರು ಇಕ್ಕಟ್ಟಿನ ಈಚೆ ನಿಂತರು, 1.05ಕ್ಕೆ ಎಲ್ಲರೂ ಹೊರಗೆ" ಅಂತ ಬರೆದು, ಜೀಪಿನ ಡ್ಯಾಶ್‌ಬೋರ್ಡ್‌ನಿಂದ ಕಾರ್ಡು ತೆಗೆದು ಕೊಟ್ಟರು. ಅದು ಆಗಲೇ ಲ್ಯಾಮಿನೇಶನ್ ಆಗಿತ್ತು. ಮೊದಲೇ ಮಾಡಿಸಿ ಇಟ್ಟಿದ್ದರು.

ಅಮ್ಮನಿಗೆ ಕೊಟ್ಟಿದ್ದ ಗಡುವು ನಾಲ್ಕು ಗಂಟೆ. ತೋಟದವರ ಮನೆಯಲ್ಲಿ ಅಕ್ಕಿ ರೊಟ್ಟಿ ತಿನ್ನದೆ ಬಿಡಲಿಲ್ಲ. ಅಲ್ಲಿ ಸಿಗ್ನಲ್ ಇಲ್ಲ. ರಸ್ತೆಯ ತಿರುವಿಗೆ ಬಂದಾಗ 3.40. ಅರ್ಧ ರಿಂಗ್‌ಗೆ ಎತ್ತಿದರು.

"ಇನ್ನೂ ಇಪ್ಪತ್ತು ನಿಮಿಷ ಇತ್ತು" ಅಂದರು ಅಮ್ಮ, ಸ್ವಲ್ಪ ಗತ್ತಿನಲ್ಲೇ.

ಮನೆಗೆ ಬಂದು ನೋಡಿದರೆ ಗೋಡೆಯ ಕ್ಯಾಲೆಂಡರಿನಲ್ಲಿ ಆ ಭಾನುವಾರದ ಚೌಕದೊಳಗೆ "4" ಅಂತ ಬರೆದು ಸುತ್ತ ಗೆರೆ ಎಳೆದಿದ್ದರು. ಪಕ್ಕದಲ್ಲಿ ಸುಬೇದಾರರ ಮನೆಯ ಲ್ಯಾಂಡ್‌ಲೈನ್ ನಂಬರ್. ಫೋನಿನ ಹತ್ತಿರ ಒಂದು ಕುರ್ಚಿ, ಕುರ್ಚಿಯ ಮೇಲೆ ಕನ್ನಡಕ. ನಾನು ಬಟ್ಟೆ ನೆನೆಹಾಕಿ ಬರುವಷ್ಟರಲ್ಲಿ ಅಮ್ಮ ಪೆನ್ನು ಹಿಡಿದು ಅದರ ಮುಂದೆ ನಿಂತಿದ್ದರು.

"ಮುಂದಿನದ್ದು ಯಾವಾಗ?"

"ಇನ್ನು ಮುಂದಿನ ವರ್ಷವೇ."

ಹಾಳೆ ತಿರುಗಿಸಿ ನೋಡಿದರು. ಡಿಸೆಂಬರ್ ಆದ ಮೇಲೆ ರಟ್ಟು. "ಹೊಸ ಕ್ಯಾಲೆಂಡರ್ ತಾ" ಅಂದರು.